ಧಾತುಗಳ ಕೌದಿ

"ಕಣ್ಣು ಕಾಣದ ಹುಡುಗಿಗೆ ಸೈನ್ಸ್ ಯಾಕ್ರೀ ಅಮ್ಮಾರ? ಆರ್ಟ್ಸ್ ಕೊಡಸ್ರಿ, ಛಲೋ ಮಾರ್ಕ್ಸ್ ತಗೀತಾಳ," ಎಂದು ದಾಕ್ಷಾಯಿಣಿ ಮೇಡಂ ಅರ್ಜಿಯನ್ನು ಮರಳಿ ಚಾಚಿದರು. ಧಾರವಾಡದ ಆ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು ಅವರೇ. ವಿಜ್ಞಾನಕ್ಕೆ ಯಾರನ್ನು ಸೇರಿಸಿಕೊಳ್ಳಬೇಕೆಂಬುದೂ ಅವರ ಕೈಯಲ್ಲೇ ಇತ್ತು. ಎದುರಿಗೆ ಅಜ್ಜಿಯ ಜೊತೆ ನಿಂತಿದ್ದ ಭಾಗ್ಯಾ ಅರ್ಜಿಗೆ ಕೈಯೊಡ್ಡಲಿಲ್ಲ.

"ನಾ ಸೈನ್ಸೇ ಓದಾಕಿ ರೀ."

"ಲ್ಯಾಬಿನಾಗ ಬಣ್ಣ ಬದಲಾಗೂದನ್ನ ನೋಡಬೇಕಾಗತೈತಿ. ಹೆಂಗ ನೋಡ್ತಿ?"

"ಏನ ಬಣ್ಣ ಬಂತು ಅಂತ ಬಾಜೂದಾಕಿ ಹೇಳ್ಲಿರಿ. ಯಾಕ ಬಂತು ಅಂತ ನಾ ಹೇಳ್ತೇನಿ."

ಮೇಡಂಗೆ ನಗು ಬಂತು; ಮನಸ್ಸು ಮಾತ್ರ ಒಪ್ಪಲಿಲ್ಲ. ಜೋರು ಮಾತಿನ ಮಕ್ಕಳು ಮೊದಲ ಕಿರುಪರೀಕ್ಷೆಗೇ ಕಣ್ಣೀರು ಹಾಕುವುದನ್ನು ಅವರು ಕಂಡಿದ್ದರು. ಅಷ್ಟರಲ್ಲಿ ಭಾಗ್ಯಾಳ ಅಜ್ಜಿ ಯಂಕವ್ವ ಚೀಲದಿಂದ ಬಟ್ಟೆ ತುಂಡುಗಳ ಒಂದು ಕೌದಿ ತೆಗೆದು, ಅಪ್ಪಣೆಗೂ ಕಾಯದೆ ಮೇಜಿನ ತುಂಬ ಹಾಸಿಬಿಟ್ಟಳು.

"ನಮ್ಮೂರು ಕೆಲಗೇರಿ ಮಂದಿ ಕಡೆ ಹಳೇ ಅರಿವಿ ಬೇಡಿ ತಂದು ಹೊಲದೇನ್ರಿ ಅಕ್ಕೋರ. ನನಗ ಓದಾಕ ಬರೂದಿಲ್ಲ. ಇಕಿ ಹೇಳಿದಂಗ ಹಚ್ಚೇನಿ."

ಮೇಡಂ ಬಗ್ಗಿ ನೋಡಿದರು. ಆವರ್ತಕ ಕೋಷ್ಟಕ! ಧಾತುವಿಗೊಂದು ತುಂಡು, ತುಂಡಿನ ಮೇಲೆ ಬ್ರೈಲ್ ಚುಕ್ಕೆಗಳಾಗಿ ಹೊಲಿದ ಸಣ್ಣ ಮಣಿಗಳು. ಮೇಲಿನಿಂದ ಕೆಳಗಿಳಿಯುವ ಒಂದೊಂದು ಕಂಬಸಾಲಿಗೂ ಒಂದೊಂದು ಬಗೆಯ ಬಟ್ಟೆ. ಎಡತುದಿಗೆ ಒರಟು ಗೋಣಿತಟ್ಟು, ಬಲತುದಿಗೆ ನುಣ್ಣನೆಯ ರೇಷ್ಮೆ. ಒಂದೇ ಸ್ವಭಾವದ ಧಾತುಗಳು ಒಂದೇ ಕಂಬದಲ್ಲಿ ನಿಲ್ಲುತ್ತವೆ ಎಂದು ಅವರು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದ ಮಾತು ಇಲ್ಲಿ ಅಂಗೈಗೇ ಸಿಗುವಂತಿತ್ತು.

ಆದರೂ ಕೇಳಿಯೇಬಿಡೋಣವೆಂದು ಹುಡುಗಿಯ ಬೆರಳನ್ನು ಗೋಣಿತಟ್ಟಿನ ಸಾಲಿನ ಕೆಳಭಾಗದಲ್ಲಿ ಇಟ್ಟರು. "ಇದರ ಪಾಠ ನಿಮಗ ಇರಲಿಲ್ಲ. ನೀರಿಗೆ ಹಾಕಿದರ ಏನಾಗತೈತಿ?"

ಭಾಗ್ಯಾ ಮಣಿ ಸವರಿ "ರುಬಿಡಿಯಂ" ಎಂದಳು. ಬೆರಳನ್ನು ಮೇಲಕ್ಕೊಯ್ದು ಒಂದೊಂದೇ ತುಂಡು ದಾಟಿಸುತ್ತ ಇಳಿಸಿದಳು. "ಲಿಥಿಯಂ ನೀರಾಗ ಸಾವಕಾಶ ಬುಸುಗುಡತೈತಿ. ಸೋಡಿಯಂ ಓಡ್ಯಾಡತೈತಿ. ಪೊಟ್ಯಾಷಿಯಂ ಉರಿ ಹತ್ತತೈತಿ. ಇದು ಅದರ ಕೆಳಗ ಐತಿ ಅಂದ್ರ... ಮೇಡಂ, ಹಾಕೂದ ಬ್ಯಾಡ್ರಿ. ಸಿಡೀತೈತಿ!"

ಧಾತು ನಿಂತ ಜಾಗ ಒಂದನ್ನೇ ಹಿಡಿದು ಹುಡುಗಿ ಗುಣ ಹೇಳಿಬಿಟ್ಟಿದ್ದಳು. ಹಿಂದೆ ವಿಜ್ಞಾನಿಗಳು ಆವರ್ತಕ ಕೋಷ್ಟಕ ಜೋಡಿಸಿದಾಗಲೂ ಹೀಗೇ ಅಲ್ಲವೇ, ಇನ್ನೂ ಯಾರ ಕೈಗೂ ಸಿಗದ ಧಾತುಗಳಿಗೆ ಜಾಗ ಬಿಟ್ಟು, ಅವು ಹೀಗೇ ಇರುತ್ತವೆಂದು ಮುಂಚಿತವಾಗಿ ಹೇಳಿದ್ದು! ದಾಕ್ಷಾಯಿಣಿ ಮೇಡಂ ಅರ್ಜಿಯನ್ನು ಎಳೆದುಕೊಂಡು ರುಜು ಹಾಕಿದರು.

"ನಾಳೆ ಕ್ಲಾಸಿಗೆ ಬರೂವಾಗ ಕೌದಿ ತಗೊಂಡ ಬಾರವಾ. ಉಳಿದವರೂ ಮುಟ್ಟಿ ನೋಡ್ಲಿ," ಎಂದವರ ಕಣ್ಣಿಗೆ ಎಡಗಡೆಯ ಮೇಲಿನ ಮೂಲೆಯ ತೆಳು ತುಂಡು ಬಿತ್ತು. "ಅಮ್ಮಾರ, ಇದೊಂದ ತುಂಡು ಪೂರಾ ಹೊಲಿಯೂದ ಮರ್ತೀರಿ."

"ಮರ್ತಿಲ್ರೀ, ಇಕೀನ ಬ್ಯಾಡ ಅಂದ್ಲು."

"ಅದು ಹೈಡ್ರೋಜನ್ ರೀ ಮೇಡಂ," ಎಂದಳು ಭಾಗ್ಯಾ. "ಈ ತುದಿಯವರ ಗುಣಾನೂ ಐತಿ, ಆ ಕಡೆಯವರ ಗುಣಾನೂ ಐತಿ. ಅದರ ಜಾಗ ಖರೇ ಯಾವುದಂತ ಶಾಣ್ಯಾರು ಇನ್ನೂ ವಾದ ಮಾಡಾಕತ್ತಾರಂತ. ಅದಕ್ಕ ಒಂದ ಅಂಚಿಗಷ್ಟ ಹೊಲಿ ಅಂದೆ."

ಎಲ್ಲಕ್ಕಿಂತ ಹಗುರವಾದ ಆ ಧಾತು, ಮೇಲಿನ ಫ್ಯಾನಿನ ಗಾಳಿಗೆ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹಾರಾಡುತ್ತಿತ್ತು.