ಅಂಗಳದ ಬೋರ್ಡು

ಡೀನ್ ಕ್ಲೆಂಪ್ ತಟ್ಟೆ ಹಿಡಿದು ಎದುರಿಗೆ ಬಂದು ನಿಂತಾಗ, ಮೀನು ಬಡಿಸುತ್ತಿದ್ದ ಬರ್ನಡೀನಳ ಕೈಯಲ್ಲಿ ಇಕ್ಕಳ ಬಿಗಿಯಾಯಿತು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಮಾಂಸ ಬಿಟ್ಟ ಊರಿಗೆ ಊರೇ ಕರಿದ ಮೀನಿಗಾಗಿ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿತ್ತು. ಏಪ್ರಿಲ್‌ನಲ್ಲಿ ಜಡ್ಜ್ ಚುನಾವಣೆ; ಇಲ್ಲಿ ಜಡ್ಜನನ್ನೂ ಜನರೇ ಓಟು ಹಾಕಿ ಆರಿಸುವುದು, ಈ ಸಲ ಡೀನ್ ಉಮೇದುವಾರ. ವಿಸ್ಕಾನ್ಸಿನ್‌ನ ಈ ಮೂಲೆಯಲ್ಲಿ ಮೀನಿನ ಸಾಲಿನಲ್ಲಿ ನಿಲ್ಲದೆ ಯಾವನೂ ಜಡ್ಜ್ ಆದದ್ದಿಲ್ಲ.

ಡೀನ್ ಇಷ್ಟು ವರ್ಷ ಸರ್ಕಾರಿ ವಕೀಲನಾಗಿದ್ದ ಆಸಾಮಿ. ಅವಳ ಮಗ ಕರ್ಟಿಸ್ ಮಾಡದ ಕಳ್ಳತನವನ್ನು ಅವನ ಬಾಯಿಂದಲೇ ಒಪ್ಪಿಸಿದವನು. ಒಪ್ಪಿಕೊಂಡರೆ ಇವತ್ತೇ ಮನೆಗೆ, ಇಲ್ಲದಿದ್ದರೆ ವಿಚಾರಣೆಯವರೆಗೂ ಜೈಲು ಎಂದಿದ್ದ. ಜಾಮೀನಿಗೆ ಗತಿಯಿಲ್ಲದ ಹುಡುಗ ಹೂಂ ಎಂದು ತಲೆಯಾಡಿಸಿದ. ಕಳ್ಳನೆಂಬ ಹೆಸರು ಅಂಟಿದ್ದೇ ತಡ, ಬಿಟ್ಟುಹೋಗಿದ್ದ ಅವನ ಹೆಂಡತಿ, ಮಗಳನ್ನೂ ತನಗೇ ಕೊಡಿಸಿ ಎಂದು ಕೋರ್ಟಿಗೆ ಹೋದಳು. ಪುಟ್ಟ ಟೆಸ್ಸಾ ಯಾರ ಬಳಿ ಇರಬೇಕೆಂದು ಹೇಳುವವನು ಹೊಸ ಜಡ್ಜ್. ಇಡೀ ಜಿಲ್ಲೆಗೆ ಇರುವುದೇ ಒಬ್ಬ.

"ನಾನೂ ಹಾಲು ಕರೆದು ಬೆಳೆದವ್ನೇ, ಬರ್ನಡೀನ್," ಎಂದ ಡೀನ್, ಹಿಂದಿನವರಿಗೂ ಕೇಳುವಂತೆ. "ನಸುಕಿಗೇ ಕೊಟ್ಟಿಗೆ. ಒದೆಯೋ ಹಸುನೂ ಸಿಟ್ಟಲ್ಲಿ ಹೊಡೀಬೇಡ ಅಂತಿದ್ರು ನಮ್ಮಪ್ಪ. ಜಡ್ಜ್ ಆದೋನೂ ಹಾಗೇ ಇರ್ಬೇಕು."

"ವೆಲ್ಡಿಂಗ್ ಮಶೀನ್ ಕದ್ದಿದ್ದು ನನ್ನ ಮಗಾನೇ ಅಂತ ನಿಮಗೆ ನಿಜವಾಗ್ಲೂ ಅನ್ಸಿತ್ತಾ?"

ಡೀನನ ನಗು ಒಂದಿಷ್ಟೂ ಕದಲಲಿಲ್ಲ. "ಛೆ, ಜಡ್ಜ್ ಸ್ಥಾನಕ್ಕೆ ನಿಂತವರು ಕೇಸಿನ ಬಗ್ಗೆ ಮಾತಾಡೋ ಹಾಗಿಲ್ಲ. ನಿಯಮ ಅದು."

"ಹಸು ಬಗ್ಗೆ ಆಡ್ಬಹುದೇನೋ!"

ಹಿಂದೆ ಯಾರೋ ಕಿಸಕ್ಕೆಂದರು. ಪಕ್ಕದಲ್ಲಿ ಆಲೂಗಡ್ಡೆ ಬಡಿಸುತ್ತಿದ್ದ ಗಂಡ ನಾರ್ಬರ್ಟ್ ಅವಳ ಕಾಲು ತುಳಿದ. "ಸುಮ್ನಿರೇ ಮಾರಾಯ್ತಿ," ಎಂದು ಪಿಸುಗುಟ್ಟಿದ. "ನಾಳೆ ಮಗು ಕೇಸು ಇವನ ಕೈಗೇ ಬರೋದು."

ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಬಾಣಲೆಯ ಎಣ್ಣೆಯನ್ನೇ ಆ ನಗುಮುಖಕ್ಕೆ ಸುರಿಯಬೇಕೆನಿಸಿತು ಬರ್ನಡೀನಳಿಗೆ. ಸುರಿಯಲಿಲ್ಲ. ತನ್ನ ಮುಂದಿನ ಟ್ರೇಯಲ್ಲಿದ್ದುದರಲ್ಲೇ ದೊಡ್ಡ ತುಂಡು ಆರಿಸಿ ಅವನಿಗೆ ಹಾಕಿದಳು, ಹಾಕಿದ ತನ್ನ ಕೈಯ ಮೇಲೇ ಅವಳಿಗೆ ಹೇಸಿಗೆಯಾಯಿತು.

ಡೀನ್ ಇನ್ನಷ್ಟು ಹತ್ತಿರ ಬಾಗಿದ. "ಕೋರ್ಟ್ ಅಂದ್ರೆ ಯಾರೂ ಹೆದರ್ಬಾರ್ದು. ನಾನು ನಿಂತಿರೋದೇ ಅದಕ್ಕೆ. ನಿಮ್ಮನೆ ಹೆದ್ದಾರಿ ತಿರುವಲ್ಲೇ ಇದೆಯಲ್ಲ, ಅಂಗಳದಲ್ಲಿ ನನ್ನ ಹೆಸರಿನ ಪ್ರಚಾರದ ಬೋರ್ಡ್ ಒಂದು ನೆಡಬಹುದಾ? ಆ ಬೀದಿಯವರೆಲ್ಲ ಒಪ್ಪಿದ್ದಾರೆ."

"ಅದಕ್ಕೇನಂತೆ, ಧಾರಾಳವಾಗಿ," ಎಂದುಬಿಟ್ಟ ನಾರ್ಬರ್ಟ್. ಎದುರಿಗೆ ನಿಂತು ಕೇಳಿದವರಿಗೆ ಇಲ್ಲವೆನ್ನುವುದು ಈ ಊರಿನಲ್ಲಿ ಯಾರಿಗೂ ಬಂದದ್ದಲ್ಲ.

ಬರ್ನಡೀನ್ ಇಕ್ಕಳ ಕೆಳಗಿಟ್ಟಳು.

"ನೆಡಿ. ಇರೋದ್ರಲ್ಲೇ ದೊಡ್ಡದು ನೆಡಿ," ಎಂದಳು, ಕೊನೆಯ ಮೇಜಿನವರೆಗೂ ಕೇಳುವಂತೆ. "ಈ ಊರಲ್ಲಿ ಎಷ್ಟು ಜನ ಹೆದರಿದ್ದಾರೆ ಅಂತ ನಿಮ್ಮ ಬೋರ್ಡು ಎಣಿಸಿದ್ರೇ ಗೊತ್ತಾಗ್ಲಿ."