ಉಸಿರು ಮೂಸೋ ಗೇಟು

ಆ ಸರ್ಕಾರಿ ಶಾಲೆ ಗೇಟು ಒಳಗೆ ಬರೋರ ಉಸಿರನ್ನೆಲ್ಲಾ ಮೂಸಿ ನೋಡ್ತಿತ್ತು. ವೈರಸ್ ಸಿಕ್ರೆ ಕೆಂಪಾಗಿ ಕಿರುಚಿ, ಇಡೀ ಮನೆಯವರನ್ನ ಇಪ್ಪತ್ತೊಂದು ದಿನ ಮನೇಲೇ ಕೂರಿಸ್ತಿತ್ತು. ಇವತ್ತು ಪೋಷಕರ ಸಭೆ. ಈ ಗೇಟು ಇರ್ಬೇಕಾ ಬೇಡ್ವಾ ಅಂತ ತೀರ್ಮಾನ ಆಗ್ಬೇಕಿತ್ತು. ಆದ್ರೆ ಒಬ್ರೂ ಒಳಗೆ ಕಾಲಿಡ್ದೆ ಎಲ್ರೂ ರಸ್ತೇಲೇ ನಿಂತಿದ್ರು.

"ಚಂದ್ರಕ್ಕ, ನೀವು ಹೋಗ್ರಿ ಮೊದ್ಲು," ಅಂದ ತಿಪ್ಪೇಸ್ವಾಮಿ.

"ನೀವ್ಯಾಕೆ ಹೋಗ್ತಿಲ್ಲಣ್ಣ? ಲಸಿಕೆ ಹಾಕಿಸ್ಕೊಂಡಿಲ್ವಾ?"

"ಅಯ್ಯೋ, ಎರಡೂ ಡೋಸ್ ಆಗಿದೆ! ಚಪ್ಪಲಿ ಕಿತ್ತೋಗಿದೆ ಅಷ್ಟೇ."

ಚಂದ್ರಕಲಾ ಬಗ್ಗಿ ನೋಡಿದ್ಲು. ಚಪ್ಪಲಿ ಗಟ್ಟಿಮುಟ್ಟಾಗೇ ಇತ್ತು. ಅತ್ಲಾಗೆ ನಾಗವೇಣಿ ಮಾಸ್ಕಿನ ಮೇಲೆ ಮಾಸ್ಕು ಹಾಕ್ಕೊಂಡು ಮರದ ಹಿಂದೆ ನಿಂತಿದ್ಲು. ಇವ್ರ ಮಕ್ಕಳ ಪಕ್ಕದಲ್ಲೇ ತನ್ನ ಮಗಳು ಸಿಂಚನಾ ಕೂರ್ತಾಳಲ್ಲಾ ಅಂತ ಚಂದ್ರಕಲಾ ಎರಡು ಹೆಜ್ಜೆ ಹಿಂದೆ ಸರಿದ್ಲು.

ಬೆಳಗ್ಗೆಯಿಂದ ಅವಳ ಗಂಟಲೂ ಕೆರೀತಿತ್ತು. ಗೇಟು ಕಿರುಚಿದ್ರೆ ಸಿಂಚನಾ ನಾಳೆ ವಸತಿ ಶಾಲೆ ಪ್ರವೇಶ ಪರೀಕ್ಷೆ ಬರೆಯೋ ಹಾಗಿರ್ಲಿಲ್ಲ.

ಒಳಗಿಂದ ಹೆಡ್ ಮೇಡಂ ಮೈಕಲ್ಲಿ ಕೂಗಿದ್ರು, "ಗೇಟು ಇರ್ಲಿ ಅನ್ನೋರು ಕೈ ಎತ್ತಿ!"

ಎತ್ತದೇ ಇದ್ರೆ ಸೋಂಕಿದೆ ಅಂತ ಎಲ್ಲರ ಗುಮಾನಿ ತನ್ನ ಮೇಲೇ. ಪಕ್ಕದವರನ್ನ ಓರೆಗಣ್ಣಲ್ಲಿ ನೋಡ್ತಾ ಅಷ್ಟೂ ಜನ ಕೈ ಎತ್ತಿದ್ರು. ಚಂದ್ರಕಲಾ ಕೆಮ್ಮು ನುಂಗ್ಕೊಂಡು, ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ್ಲು.