ಆರು ಬರಬೇಕಾದ ಕಡೆ ಸೊನ್ನೆ

ತುಟಿ ಬಿಚ್ಚದೆ ಅರವತ್ತು ಮಂದಿಗೆ ಕಲನಶಾಸ್ತ್ರ ಕಲಿಸಿದ ಮೇಷ್ಟ್ರು ಜಗತ್ತಿನಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಇಡೀ ಒಂದು ಗಂಟೆ ಕಲ್ಲಿನಂತೆ ನಿಂತಿದ್ದೆ. ನನ್ನ ಮೌನಕ್ಕೆ ಎಂಥ ಶಕ್ತಿಯಿತ್ತೆಂದರೆ, ತಲೆಯ ಮೇಲಿನ ಫ್ಯಾನಿಗೂ ಲೆಕ್ಕ ಅರ್ಥವಾಗಿ, ಅದು ಒಂದು ಕ್ಷಣ ನಿಂತು, ತಲೆದೂಗಿ, ಮತ್ತೆ ತಿರುಗಿತು. ನಂಬದವರು ಫ್ಯಾನನ್ನೇ ಕೇಳಬಹುದು.

ಅಂದು ಕೊನೆಯ ಬೆಂಚಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ಬಂದು ಕೂತಿದ್ದರು. ಕಾರಣ ಕಿಟಕಿ ಪಕ್ಕದ ಹುಡುಗಿ. ಗಣಿತ ಬಿಟ್ಟು ಬೇರೆ ವಿಷಯಕ್ಕೆ ಹೋಗುತ್ತೇನೆಂದು ಅವಳು ಅರ್ಜಿ ಬರೆದುಕೊಟ್ಟಿದ್ದಳು. “ನಾನು ಅರ್ಧ ದಾರಿಗೆ ಬರೋಷ್ಟರಲ್ಲಿ ಸಾರ್ ಉತ್ತರ ಹೇಳಿಬಿಡ್ತಾರೆ ಮೇಡಂ. ನಂಗೆ ನಿಧಾನಕ್ಕೆ ಹೊಳೆಯೋದು. ಇದು ನನ್ನಂಥೋರಿಗಲ್ಲ” ಅಂದಳಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ವಿದ್ಯಾರ್ಥಿಗಳು ತಾವೇ ಪ್ರಶ್ನೆ ಹಾಕಿಕೊಂಡು, ತಾವೇ ತಡಕಾಡಿ ಕಲಿಯಬೇಕು ಎಂದು ಸಿಕ್ಕ ಸಿಕ್ಕ ವೇದಿಕೆಯಲ್ಲೆಲ್ಲ ಭಾಷಣ ಬಿಗಿದವನು ನಾನು! ಪ್ರಶ್ನೆ ಕೇಳಿದ ಮೇಲೆ ಪೂರ್ತಿ ಎರಡು ಸೆಕೆಂಡು ಕಾಯುತ್ತೇನೆ. ಇನ್ನೆಷ್ಟು ಕಾಯಬೇಕು?

“ಸಹಿ ಹಾಕೋಕೆ ಮುಂಚೆ ಒಂದ್ಸಲ ನಿಮ್ಮ ಕ್ಲಾಸು ನೋಡ್ತೀನಿ” ಅಂದಿದ್ದರು ಮೇಡಂ. ಅರ್ಜಿ ಅವರ ಕೈಯಲ್ಲೇ ಇತ್ತು. ನಾನು ಹೆದರಲಿಲ್ಲ. ತೋಳಿಗೆ ಸದಾ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿರುವ, ಪ್ರಿಂಟರಿಗೆ ಕಾಗದ ಹಾಕಲೂ ನನ್ನನ್ನೇ ಕೂಗುವ ಹೆಂಗಸು ಅವರು. ನಾನೋ, ಕಾಸು ಕೊಡದೆ ಯಾರು ಬೇಕಾದರೂ ಬಳಸಬಹುದಾದ, ಒಳಗೇನಿದೆಯೆಂದು ಬಿಚ್ಚಿ ನೋಡಬಹುದಾದ ಗಣಿತದ ಮುಕ್ತ ತಂತ್ರಾಂಶವನ್ನು ಗೋಡೆಯಗಲ ತೆರೆದಿಟ್ಟವನು.

“x ವರ್ಗದ ಈ ವಕ್ರರೇಖೆಗೆ ಮೂರರ ಹತ್ತಿರ ಇಳಿಜಾರು ಎಷ್ಟು? ಆರು!” ಎಂದು ನಾನೇ ಕೇಳಿ ನಾನೇ ಹೇಳಿದೆ. “ಮೂರರಿಂದ ಒಂದು ಪುಟ್ಟ ಹೆಜ್ಜೆ ಮುಂದಿಡಿ, ಎಷ್ಟು ಏರಿದಿರಿ ನೋಡಿ, ಹೆಜ್ಜೆಯಿಂದ ಭಾಗಿಸಿ. ಅಷ್ಟೇ.” ಹೆಜ್ಜೆ 0.1 ಇಟ್ಟೆ, ಪರದೆಯ ಮೇಲೆ 6.1 ಬಂತು. 0.01 ಇಟ್ಟೆ, 6.01. “ಹೆಜ್ಜೆ ಚಿಕ್ಕದಾದಷ್ಟೂ ಉತ್ತರ ಆರಕ್ಕೆ ಹತ್ತಿರ. ನೋಡ್ಕೊಳ್ಳಿ, ಈಗ ಇರುವೆಯೂ ನಾಚಬೇಕು!” ಎನ್ನುತ್ತ ಬಿಂದುವಿನ ಮುಂದೆ ಹದಿನೈದು ಸೊನ್ನೆ ಸುರಿದು, ಕೊನೆಗೆ ಒಂದು ಬರೆದು ಗುಂಡಿ ಒತ್ತಿದೆ.

ಉತ್ತರ ಬಂತು: ಸೊನ್ನೆ.

“ಯಾಕೆ?” ಅಂದೆ. ಅಷ್ಟೇ. ಆಮೇಲೆ ಏನೋ ಘನವಾದ ಕೆಲಸವಿರುವವನಂತೆ ಫೋನಿನಲ್ಲಿ ಒಂದೆರಡು ಸಾಲು ಕುಟ್ಟಿ, ಕೈಕಟ್ಟಿ ನಿಂತುಬಿಟ್ಟೆ.

“ಕಂಪ್ಯೂಟರ್‌ಗೂ ನಿದ್ದೆ ಬಂದಿದೆ ಸಾರ್” ಎಂದ ಮುಂದಿನ ಬೆಂಚಿನವನೊಬ್ಬ. ಎಲ್ಲರೂ ನಕ್ಕರು. ನಾನು ಮಾತಾಡಲಿಲ್ಲ. ನಗು ಆರಿತು. ಪೆನ್ನುಗಳು ಹೊರಬಂದವು, ಪಿಸುಮಾತು ಎದ್ದಿತು. ಕೊನೆಗೆ ಕಿಟಕಿ ಪಕ್ಕದಿಂದ ಒಂದು ಕೈ, ಅರ್ಧ ಮಾತ್ರ, ಮೇಲೆದ್ದಿತು.

“ಸಾರ್, ಕಂಪ್ಯೂಟರನ್ನೇ ಒಂದು ಮಾತು ಕೇಳ್ಲಾ?”

ಬಂದು ಟೈಪ್ ಮಾಡಿದಳು: ಮೂರಕ್ಕೆ ಈ ಹೆಜ್ಜೆ ಕೂಡಿಸಿದರೆ ಬರುವುದು ಬರೀ ಮೂರೇನಾ? ಹೌದು ಎಂದಿತು ಪರದೆ.

“ಅಷ್ಟೊಂದು ಅಂಕಿ ಅದು ಇಟ್ಕೊಳ್ಳಲ್ಲ ಸಾರ್. ಹೆಜ್ಜೆ ಇಟ್ವಿ ಅಂತ ನಾವು ಅಂದ್ಕೊಂಡಿದ್ದೀವಿ. ಅದು ಮೂರರಲ್ಲೇ ನಿಂತಿದೆ. ನಿಂತೋರಿಗೆ ಏರೂ ಇಲ್ಲ, ಇಳಿಜಾರೂ ಇಲ್ಲ.”

ತರಗತಿ ಮುಗಿಯಿತು. ಎಲ್ಲರೂ ಹೊರಗೆ ಹೋಗುವಾಗ ಅವಳು ಕೊನೆಯ ಬೆಂಚಿನ ಹತ್ತಿರ ನಿಂತಳು. “ಮೇಡಂ, ಆ ಕಾಗದ ವಾಪಸ್ ಕೊಡ್ತೀರಾ? ಎಷ್ಟು ಚಿಕ್ಕ ಹೆಜ್ಜೆವರೆಗೂ ಅದಕ್ಕೆ ಕಾಣುತ್ತೆ ಅಂತ ಲೆಕ್ಕ ಮಾಡ್ಬೇಕು. ಹಿಂದುಗಡೆ ಖಾಲಿ ಇದೆ.” ಅರ್ಜಿ ಇಸಿದುಕೊಂಡು ಓಡಿದಳು.

ನಾನು ಎದೆಯುಬ್ಬಿಸಿದೆ. “ಹೇಗಿತ್ತು ಮೇಡಂ ನನ್ನ ಬಲೆ? ಒಂದು ತಿಂಗಳಿಂದ ಹೆಣೀತಿದ್ದೆ.”

ಮೇಡಂ ಫೋನು ತೆಗೆದು, ಆ ತಂತ್ರಾಂಶ ಬಳಸುವವರೆಲ್ಲ ಸೇರುವ ಚರ್ಚೆಯ ಪುಟ ತೆರೆದು, ಗಟ್ಟಿಯಾಗಿ ಓದಿದರು: “‘ತುರ್ತು! ಆರು ಬರಬೇಕಾದ ಕಡೆ ಸೊನ್ನೆ ಬಂದಿದೆ. ಎದುರಿಗೆ ಕ್ಲಾಸು ಕೂತಿದೆ. ಯಾರಾದರೂ ಕಾಪಾಡಿ.’ ಹನ್ನೊಂದು ಹನ್ನೆರಡಕ್ಕೆ ಬರೆದಿರೋದು. ಹೆಸರು ಗಣಿತಕೇಸರಿ ಅಂತೆ. ಯಾರಪ್ಪಾ ಇವನು?”

“ಯಾರೋ ಪಾಪ...” ಅಂದೆ.

“ಅವನಿಗೆ ಬಂದ ಉತ್ತರಾನೂ ಕೇಳಿ. ‘ಹೇಳಲ್ಲ. ಎದುರಿಗೆ ಕೂತೋರನ್ನೇ ಕೇಳಿ, ಬಾಯಿ ಮುಚ್ಕೊಂಡು ಕಾಯಿರಿ.’ ಬರೆದೋರು, ಹಳೇ ಸೀಮೆಸುಣ್ಣ.”

ನನ್ನ ಕಣ್ಣು ಅವರ ತೋಳಿನ ಮೇಲಿನ ಬಿಳಿ ಪುಡಿಗೆ ಹೋಯಿತು. “ಮೇಡಂ! ಮತ್ತೆ ಪ್ರಿಂಟರಿಗೆ ಕಾಗದ...?”

“ಅದು ನಿಮಗೆ ಖುಷಿಯಾಗ್ಲಿ ಅಂತ ಕಣ್ರೀ.”

ಒಪ್ಪಿಕೊಳ್ಳುತ್ತೇನೆ. ಒಂದು ಗಂಟೆಯಲ್ಲ, ಒಂಬತ್ತು ನಿಮಿಷ. ಆ ಫ್ಯಾನು ಕೆಟ್ಟು ಮೂರು ತಿಂಗಳಾಗಿದೆ. ಸೊನ್ನೆ ಯಾಕೆ ಬಂತೆಂದು ನನಗೆ ಗೊತ್ತಿರಲಿಲ್ಲ. ಕಲಿಸಿದವಳು ಆ ಹುಡುಗಿ. ಮೇಡಂಗೂ ಇಷ್ಟನ್ನೇ ಹೇಳಿ, “ನೀವು ಬಾಯಿ ಮುಚ್ಚಿಸದೇ ಇದ್ದಿದ್ರೆ ಅವಳನ್ನ ಕಳ್ಕೊಳ್ತಿದ್ದೆ. ತುಂಬ ಥ್ಯಾಂಕ್ಸ್ ಮೇಡಂ” ಅಂದೆ. ನನ್ನ ಜನ್ಮದಲ್ಲಿ ಉಪ್ಪುಖಾರ ಹಚ್ಚದೆ ಆಡಿದ ಮಾತು ಅದೊಂದೇ.

ಮೇಡಂ ಬಾಗಿಲವರೆಗೆ ಹೋಗಿ ತಿರುಗಿದರು.

“ಸರಿ, ನಾಳೆ ಕ್ಲಾಸಿಗೆ ನಿಮಗೆ ಗೊತ್ತಿಲ್ಲದ್ದು ಏನು ತರ್ತೀರಿ?”